ಮೆಂಕಾ ಹಾಡು ನಿಲ್ಲಿಸಿದ ಆರು ವಾರ

ನಮ್ಮ ಕ್ರಾತೊವೊ ಊರಿನಲ್ಲಿ ಅಂಚೆ ಹಂಚುವ ಸ್ತಾಮೆನಾ ಬೀದಿಗೆ ಬಂದಳೆಂದರೆ, ಕಾಗದಕ್ಕಿಂತ ಮೊದಲು ಅವಳ ದನಿ ಮನೆಯೊಳಗೆ ಬರುತ್ತಿತ್ತು.

"ವಾಸ್ಕಕ್ಕಾ, ನಿನ್ನ ತಂಗಿ ಕಾಗದ! ಮೂರೇ ಸಾಲು ಬರ್ದಿರೋ ಹಾಗಿದೆ, ತೂಕವೇ ಇಲ್ಲ!"

ಆ ವಾಸ್ಕಕ್ಕ ನಾನೇ, ಸ್ತಾಮೆನಾಳ ಪಕ್ಕದ ಮನೆಯವಳು, ಬಟ್ಟೆ ಹೊಲಿಯುವವಳು. ಹನ್ನೆರಡು ವರ್ಷದಿಂದ ನಮ್ಮಿಬ್ಬರ ಅಂಗಳದ ನಡುವೆ ಇರುವುದು ಒಂದು ಮೋಟುಗೋಡೆ ಮಾತ್ರ, ಅದರ ಮೇಲೆ ಸದಾ ಯಾರದಾದರೂ ಕಾಫಿ ಬಟ್ಟಲು ಇರುತ್ತದೆ. ಸ್ತಾಮೆನಾಗೆ ಒಂದು ಚಾಳಿ. ಯಾವ ಮನೆಯ ಪರದೆ ಎಷ್ಟು ಹೊತ್ತಿಗೆ ಸರಿಯುತ್ತದೆ, ಯಾರ ಹೊಗೆಕೊಳವೆಯಲ್ಲಿ ಹೊಗೆ ಇಲ್ಲ, ಎಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ಸಲ ಮುದುಕ ಗ್ಲಿಗೋರನ ಕಿಟಕಿ ಹತ್ತು ಗಂಟೆಯಾದರೂ ಮುಚ್ಚಿತ್ತೆಂದು ಬಾಗಿಲು ಬಡಿದು ಬಡಿದು, ಕೊನೆಗೆ ಹಿಂಬದಿಯಿಂದ ನುಗ್ಗಿ, ಬಚ್ಚಲಲ್ಲಿ ಸೊಂಟ ಮುರಿದುಕೊಂಡು ಬಿದ್ದಿದ್ದವನನ್ನು ಎತ್ತಿಸಿದಳು. ಆತ ಆಸ್ಪತ್ರೆಯಿಂದ ಬಂದಮೇಲೆ, "ಈ ಹೆಂಗಸಿನ ಕಣ್ಣು ತಪ್ಪಿಸಿ ಸಾಯೋದಕ್ಕೂ ಆಗಲ್ಲ" ಎಂದು ಊರಿಡೀ ಹೇಳಿಕೊಂಡು ತಿರುಗಿದ.

ಗಂಡ ಸ್ಲಾವ್ಚೊ ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ. ಅವರಿಗೆ ಒಬ್ಬಳೇ ಮಗಳು, ಮೆಂಕಾ. ಆಗ ಅವಳಿಗೆ ನಾಲ್ಕೂವರೆ ವರ್ಷ. ಮೆಂಕಾ ಮಾತಾಡುತ್ತಿದ್ದುದು ಕಡಿಮೆ, ಹಾಡುತ್ತಿದ್ದುದೇ ಹೆಚ್ಚು. ಕಾಲುಚೀಲಕ್ಕೆ ಒಂದು ಹಾಡು, ಹುರುಳಿಕಾಯಿ ಸಾರಿಗೆ ಒಂದು ಹಾಡು, ಮೊಟ್ಟೆ ಇಡದ ಕೋಳಿಯನ್ನು ಬೈಯುವುದಕ್ಕೆ ಒಂದು ಹಾಡು. ರಾಗ ಮಾತ್ರ ಎಲ್ಲಕ್ಕೂ ಒಂದೇ.

ಆ ವರ್ಷ ಸೆಪ್ಟೆಂಬರಿನಲ್ಲಿ ಬೀದಿಯವರೆಲ್ಲ ಚಳಿಗಾಲಕ್ಕೆ ಅಯ್ವಾರ್ ಚಟ್ನಿ ಮಾಡಲು ಕೆಂಪು ಮೆಣಸಿನಕಾಯಿ ಸುಡುತ್ತಿದ್ದಾಗ, ಆ ಹೊಗೆಗೆ ಮೆಂಕಾಳ ಎದೆ ಕಟ್ಟಿತು. ಉಸಿರೆಳೆದರೆ ಸೀಟಿ ಊದಿದಂತೆ ಸದ್ದು. ಮಕ್ಕಳ ಡಾಕ್ಟರು ರೂಮೆನಾ ಪರೀಕ್ಷೆ ಮಾಡಿ, ಉಬ್ಬಸ ಎಂದರು. ದಿನಾ ಸಂಜೆ ಅಗಿದು ನುಂಗುವ ಗುಲಾಬಿ ಬಣ್ಣದ ಗುಳಿಗೆಯೊಂದನ್ನು ಕೊಟ್ಟರು. ಚೆರ್ರಿ ಹಣ್ಣಿನ ರುಚಿ. ಮೆಂಕಾ ಅದಕ್ಕೂ ಹಾಡು ಕಟ್ಟಿದಳು. ವಾರದೊಳಗೆ ಸೀಟಿ ನಿಂತಿತು. ಎಲ್ಲರಿಗೂ ಸಮಾಧಾನವಾಯಿತು.

ಎರಡನೆಯ ವಾರದ ಕೊನೆಗೆ ಹಾಡೂ ನಿಂತಿತು.

ಮೊದಲು ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಬೆಳಿಗ್ಗೆ ಎದ್ದರೆ ಕೆಟ್ಟ ಕನಸು ಬಿತ್ತೆಂದು ಅಳು. ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ಕೋಟು ಕಂಡರೆ ಹೆದರಿಕೆ. ಶಿಶುವಿಹಾರದಲ್ಲಿ ತನ್ನ ಜೀವದ ಗೆಳತಿಯ ಕೈ ಕಚ್ಚಿ ಬಂದಳು. ಕೋಳಿಗಳು ಕಾಲಿಗೆ ಸುತ್ತಿಕೊಂಡರೂ ಸುಮ್ಮನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

"ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀರಿ" ಎಂದಳು ಸ್ಲಾವ್ಚೊನ ತಾಯಿ, ಅಜ್ಜಿ ಪಾವ್ಲಿನಾ. ಮರುದಿನ ಅವಳೇ, "ದೃಷ್ಟಿಯಾಗಿದೆ" ಎಂದು ಮನಸ್ಸು ಬದಲಿಸಿ, ಒಲೆಯಿಂದ ಮೂರು ಕೆಂಡ ತೆಗೆದು ನೀರಿಗೆ ಹಾಕಿದಳು. ಕೆಂಡ ಚುಂಯ್ ಎಂದು ಮುಳುಗಿದವು.

"ನೋಡಿದ್ರಾ, ಮುಳುಗ್ತು! ಯಾರೋ ನೀಲಿಗಣ್ಣಿನೋರು ನೋಡಿದ್ದಾರೆ, ಅವರ ದೃಷ್ಟಿನೇ ಕೆಟ್ಟದ್ದು."

"ಅಮ್ಮಾ, ಈ ಮನೇಲಿ ನೀಲಿಗಣ್ಣು ಇರೋದು ನಿಂಗೊಬ್ಳಿಗೇ" ಎಂದ ಸ್ಲಾವ್ಚೊ. ಅಜ್ಜಿ ಎರಡು ದಿನ ಅವನ ಹತ್ತಿರ ಮಾತು ಬಿಟ್ಟಳು.

ಡಾಕ್ಟರ ಬಳಿಗೂ ಒಮ್ಮೆ ಹೋಗಿ ಬಂದರು. ಹೊರಗೆ ಹದಿನೈದು ಮಕ್ಕಳು ಕೆಮ್ಮುತ್ತ ಕೂತಿದ್ದವು. ಡಾಕ್ಟರು ಎದೆ ಪರೀಕ್ಷಿಸಿ, "ಉಸಿರು ಚೆನ್ನಾಗಿದೆ. ಈ ವಯಸ್ಸಲ್ಲಿ ಹಟ, ಭಯ ಇದ್ದದ್ದೇ, ಸ್ತಾಮೆನಾ" ಎಂದರು. ಅವಳೂ ಹೌದಿರಬಹುದು ಎಂದುಕೊಂಡು ಬಂದಳು.

ಅದಾದ ಮೂರನೆಯ ದಿನ ಮಧ್ಯಾಹ್ನ ಸ್ತಾಮೆನಾ ಕೆಲಸ ಮುಗಿಸಿ ಬಂದು ಅಂಚೆಚೀಲ ಇಳಿಸಿದಾಗ, ಮೆಂಕಾ ಹೋಗಿ ಆ ಖಾಲಿ ಚೀಲದೊಳಗೆ ಎರಡೂ ಕಾಲು ಇಟ್ಟು ನಿಂತಳು.

"ಇದೇನೇ ಚಿನ್ನಾ?"

"ನಾನು ಕೆಟ್ಟೋಳು ಅಮ್ಮಾ. ನನ್ನ ಯಾರಿಗಾದ್ರೂ ಅಂಚೇಲಿ ಕಳಿಸ್ಬಿಡು."

ಸ್ತಾಮೆನಾ ಆ ಹೊತ್ತು ನಕ್ಕು, "ನಿನ್ನ ತೂಕಕ್ಕೆ ಆಗೋವಷ್ಟು ಸ್ಟಾಂಪು ಇಡೀ ಊರಲ್ಲಿಲ್ಲ" ಎಂದು ಮಗಳನ್ನು ಎತ್ತಿಕೊಂಡಳಂತೆ. ಆಮೇಲೆ ಗೋಡೆಯ ಹತ್ತಿರ ಬಂದು ನನಗೆ ಇದನ್ನು ಹೇಳಿದಳು.

"ಅಕ್ಕಾ, ಊರವರ ಮನೆ ಪರದೆ ನೋಡ್ಕೊಂಡು ತಿರುಗ್ತೀನಿ. ನನ್ನ ಮನೆ ಪರದೆ ಮುಚ್ಚಿಹೋಗಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ."

ಅಂದಿನಿಂದ ಅವಳು ಬರೆಯತೊಡಗಿದಳು. 'ವಿಳಾಸದಾರರು ಸಿಗಲಿಲ್ಲ' ಎಂದು ತುಂಬಿಸುವ ಚೀಟಿಗಳ ಹಳೆಯ ಕಟ್ಟೊಂದು ಮನೆಯಲ್ಲಿತ್ತು. ಅದರ ಬೆನ್ನಿನ ಮೇಲೆ ತಾರೀಖು ಹಾಕಿ, ಮಗು ಯಾವಾಗ ಅತ್ತಿತು, ಏನು ಹೇಳಿತು, ಏನು ತಿಂದಿತು, ಯಾವಾಗ ನಕ್ಕಿತು ಎಂದು ಗೀಚುತ್ತಿದ್ದಳು. ಸ್ಲಾವ್ಚೊ ಮೊದಲು ಗೇಲಿ ಮಾಡಿದ. ಮೂರು ದಿನವಾದ ಮೇಲೆ ವ್ಯಾನಿನಿಂದ ಇಳಿದ ತಕ್ಷಣ, "ಬರ್ಕೋ, ಇವತ್ತು ನನ್ನ ಕೋಟು ನೋಡಿ ಹೆದರಲಿಲ್ಲ. ಯಾಕಂದ್ರೆ ನಾನು ಹಾಕ್ಕೊಂಡಿದ್ದೆ" ಎನ್ನತೊಡಗಿದ.

ನವೆಂಬರಿನಲ್ಲಿ ಸ್ತಾಮೆನಾಳ ತವರಿನಲ್ಲಿ ತಮ್ಮನ ಮಗುವಿನ ನಾಮಕರಣ. ಬೆಟ್ಟದ ಮೇಲಿನ ಊರು. ಗಡಿಬಿಡಿಯಲ್ಲಿ ಗುಳಿಗೆಯ ಡಬ್ಬಿ ಮನೆಯಲ್ಲೇ ಉಳಿಯಿತು. ಹಿಮ ಬಿದ್ದು ರಸ್ತೆ ಮುಚ್ಚಿದ್ದರಿಂದ ಎರಡು ದಿನದ ಪ್ರಯಾಣ ಐದು ದಿನವಾಯಿತು. ಎದೆಯಲ್ಲಿ ಮತ್ತೆ ಸೀಟಿ ಬಂದೀತೆಂದು ಸ್ತಾಮೆನಾ ದಿನವಿಡೀ ಮಗಳ ಎದೆಗೆ ಕಿವಿ ಹಚ್ಚುತ್ತಿದ್ದಳು. ಅದೃಷ್ಟಕ್ಕೆ ಸೀಟಿ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಹೊಸ ಮಗುವಿನ ತೊಟ್ಟಿಲ ಬಳಿ ಮೆಂಕಾ ನಿಂತು, "ಹಲ್ಲಿಲ್ಲ, ಕೂದಲಿಲ್ಲ, ತಾತನ ಹಾಗೇ ಇದ್ದೀಯಾ" ಎಂದು ಹಾಡಿದಳು. ತಾತನೂ ಸೇರಿ ಮನೆಯೆಲ್ಲ ನಕ್ಕಿತು. ಸ್ತಾಮೆನಾ ಮಾತ್ರ ಹಿಟ್ಟಿನ ಕೈಯಲ್ಲೇ ಚೀಟಿ ಹುಡುಕಲು ಓಡಿದಳು.

ಊರಿಗೆ ಮರಳಿದ ಮೇಲೆ ಗುಳಿಗೆ ಮತ್ತೆ ಶುರುವಾಯಿತು. ಮೂರೇ ದಿನಕ್ಕೆ ಹಾಡು ಹೋಯಿತು, ಅಳು ಬಂತು.

ಸ್ತಾಮೆನಾ ಚೀಟಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, ನನ್ನನ್ನೂ ಕರೆದಳು. ಗುಳಿಗೆಯ ಡಬ್ಬಿಯೊಳಗೆ ಮಡಚಿ ಮಡಚಿ ತುರುಕಿದ್ದ ಹಾಳೆಯನ್ನು ನನ್ನ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿಯಲ್ಲಿ ಓದಿದೆವು. ಕೆಳಗಡೆ ಎಲ್ಲೋ, ಇರುವೆ ಗಾತ್ರದ ಅಕ್ಷರದಲ್ಲಿತ್ತು: ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಭಯ, ಬೇಸರ ಕಾಣಿಸಬಹುದು, ಕಂಡರೆ ವೈದ್ಯರಿಗೆ ತಿಳಿಸಿ.

"ಅಯ್ಯೋ ದೇವ್ರೇ, ನನ್ನ ಮಗು ಕೆಟ್ಟೋಳಲ್ಲ ಅಕ್ಕಾ!" ಎಂದು ಕೂಗಿದ ಸ್ತಾಮೆನಾ ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಭೂತಗನ್ನಡಿ ಕೆಳಗೆ ಬಿತ್ತು.

"ಹಾಗಿದ್ರೆ ಈ ದರಿದ್ರ ಡಬ್ಬೀನ ಒಲೆಗೆ ಹಾಕ್ಲಾ?" ಎಂದು ಅಜ್ಜಿ ಪಾವ್ಲಿನಾ ಎದ್ದೇಬಿಟ್ಟಳು.

"ಬೇಡ ಅತ್ತೆ. ನಾವೇ ನಿಲ್ಲಿಸಿ ಉಸಿರು ಕಟ್ಟಿದ್ರೆ? ನಾಳೆ ಬೆಳಿಗ್ಗೆ ಮೊದಲು ಡಾಕ್ಟರು."

ಮರುದಿನ ಡಾಕ್ಟರು ರೂಮೆನಾ ಮೂವತ್ತೊಂದು ಚೀಟಿಗಳನ್ನೂ ಒಂದೊಂದಾಗಿ ಓದಿದರು. 'ಅಂಚೇಲಿ ಕಳಿಸ್ಬಿಡು' ಎಂಬ ಚೀಟಿ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಅವತ್ತು ನೀನು ಹೇಳಿದಾಗ ನಾನು ಇನ್ನೆರಡು ನಿಮಿಷ ಕೇಳ್ಬೇಕಿತ್ತು" ಎಂದರು. "ಇದೇ ಗುಳಿಗೆ ಎಷ್ಟೋ ಮಕ್ಕಳಿಗೆ ಏನೂ ಮಾಡಲ್ಲ, ಚೆನ್ನಾಗಿ ಹಿಡಿಸುತ್ತೆ. ನಿನ್ನ ಮಗಳಿಗೆ ಹಿಡಿಸಿಲ್ಲ. ಇವತ್ತಿಂದ ನಿಲ್ಸು. ಉಸಿರಿನ ಜೊತೆ ಬಾಯಿಂದ ಎಳ್ಕೊಳ್ಳೋ ಔಷಧಿ ಬರ್ಕೊಡ್ತೀನಿ. ಉಸಿರಲ್ಲಾಗ್ಲಿ, ಮನಸ್ಸಲ್ಲಾಗ್ಲಿ, ಏನೇ ವ್ಯತ್ಯಾಸ ಕಂಡ್ರೂ ಆ ದಿನವೇ ಬಾ. ಸಾಲಿನಲ್ಲಿ ನಿಲ್ಲಬೇಡ."

ಮೆಂಕಾ ಮೇಜಿನಂಚಿಗೆ ಗಲ್ಲ ಊರಿ ಇದನ್ನೆಲ್ಲ ಕೇಳುತ್ತಿದ್ದಳು. ಡಾಕ್ಟರು ಬಗ್ಗಿ ಅವಳಿಗೆ ಹೇಳಿದರು: "ಕಚ್ಚಿದ್ದು ಅತ್ತಿದ್ದು ಎಲ್ಲ ಆ ಗುಳಿಗೆ ಕಿತಾಪತಿ, ಮೆಂಕಾ. ನೀನು ಕೆಟ್ಟೋಳಲ್ಲ."

"ಹಾಗಿದ್ರೆ ಅದಕ್ಕೆ ಬೈಯಿರಿ" ಎಂದಳು ಮೆಂಕಾ. ಡಾಕ್ಟರು ಡಬ್ಬಿಯನ್ನು ಎದುರಿಗಿಟ್ಟುಕೊಂಡು, ಬೆರಳಾಡಿಸಿ, ಚೆನ್ನಾಗಿ ಬೈದರು.

ಹತ್ತು ದಿನ ಬೇಕಾಯಿತು. ಮೊದಲು ನಿದ್ದೆ ಸರಿಯಾಯಿತು, ಆಮೇಲೆ ಕೋಟಿನ ಭಯ ಹೋಯಿತು. ಒಂದು ಬೆಳಿಗ್ಗೆ ನಾನು ಹೊಲಿಗೆಯಂತ್ರ ತುಳಿಯುತ್ತಿದ್ದಾಗ ಗೋಡೆಯಾಚೆಯಿಂದ ಕೋಳಿಗೆ ಬೈಗುಳದ ಹಾಡು ಕೇಳಿಸಿತು. ಯಂತ್ರ ನಿಲ್ಲಿಸಿ ಹೊರಗೆ ಬಂದೆ. ಸ್ಲಾವ್ಚೊ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಹಾಗೇ ನಿಂತಿದ್ದ. ಅಂದು ಇಡೀ ಊರಿಗೆ ಬ್ರೆಡ್ಡು ತಡವಾಗಿ ಬಂತು.

ಸ್ತಾಮೆನಾಳ ಅಂಚೆಚೀಲದಲ್ಲಿ ಈಗಲೂ ಕಾಗದಗಳ ಜೊತೆ ಒಂದಿಷ್ಟು ಖಾಲಿ ಚೀಟಿ ಇರುತ್ತವೆ. ಯಾವ ಮನೆಯಲ್ಲಾದರೂ ತಾಯಿಯೊಬ್ಬಳು, "ಔಷಧಿ ಶುರುವಾದಾಗಿಂದ ನಮ್ಮ ಹುಡುಗ ಯಾಕೋ ಬೇರೆ ಥರ" ಎಂದರೆ ಸಾಕು, ಚೀಟಿ ಕೈಗಿಟ್ಟು, "ನೀನೇ ನಿಲ್ಲಿಸ್ಬೇಡ, ಬರಿ. ಬರ್ದಿದ್ದನ್ನ ತಗೊಂಡು ಡಾಕ್ಟರ ಹತ್ರ ಹೋಗು" ಎನ್ನುತ್ತಾಳೆ.

ಆ ಚಳಿಗಾಲ ಕಳೆದು ಬಂದ ಈಸ್ಟರಿಗೆ ಚರ್ಚಿನ ಅಂಗಳದಲ್ಲಿ ಎಲ್ಲರೂ ಕೆಂಪು ಮೊಟ್ಟೆಗೆ ಮೊಟ್ಟೆ ಕುಟ್ಟುತ್ತಿದ್ದೆವು. ಯಾರ ಮೊಟ್ಟೆ ಒಡೆಯದೋ ಅವರು ಗೆದ್ದಂತೆ. ಮೆಂಕಾ ಅಪ್ಪನನ್ನು ಸೋಲಿಸಿದಳು, ಅಜ್ಜಿಯನ್ನು ಸೋಲಿಸಿದಳು, ಗ್ಲಿಗೋರನನ್ನು ಸೋಲಿಸಿದಳು. ಕೊನೆಗೆ ಪಾದ್ರಿಯ ಮೊಟ್ಟೆಯೂ ಪಟಕ್ಕೆಂದಿತು. ಅನುಮಾನ ಬಂದ ಪಾವ್ಲಿನಾ ಮೊಮ್ಮಗಳ ಮೊಟ್ಟೆ ಕಿತ್ತುಕೊಂಡು ಕಲ್ಲಿಗೆ ಕುಟ್ಟಿದಳು. ಟಕ್, ಟಕ್. ಹರಿದ ಕಾಲುಚೀಲದೊಳಗೆ ತೂರಿಸಿ ಹೊಲಿಯಲು ನಾನು ಇಟ್ಟುಕೊಂಡಿದ್ದ ಮರದ ಮೊಟ್ಟೆ ಅದು, ಮೇಲೆ ಕೆಂಪು ಬಣ್ಣ ಬಳಿದಿತ್ತು!

"ಕಳ್ಳಿ! ಪಾದ್ರಿಗೂ ಮೋಸನಾ! ಸ್ತಾಮೆನಾ, ನೋಡೇ ನಿನ್ನ ಮಗಳ ಬುದ್ಧೀನ!"

"ನೋಡ್ತಿದ್ದೀನಿ ಅತ್ತೆ" ಎಂದ ಸ್ತಾಮೆನಾ ನಗು ತಡೆಯಲಾರದೆ ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇದು ಮಾತ್ರ ಯಾವ ಗುಳಿಗೇದೂ ಅಲ್ಲ. ಪೂರಾ ಅವಳದೇ."