ಕದ್ದ ನಡಿಗೆ

ನೆರಿಸ್ ಟಟಲ್ ವೆಲಿಂಗ್ಟನ್ನಿನ ನಮ್ಮ ಸ್ಟುಡಿಯೋದಲ್ಲಿ ಸಿನಿಮಾದ ಪ್ರಾಣಿಗಳನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದಳು. ಕುದುರೆ ಕಾಲೂರಿದಾಗ ಭಾರ ಯಾವ ಮೂಳೆಗೆ ಬೀಳುತ್ತದೆಂದು ವಿವರಿಸಲು ಕೂತರೆ ನಮ್ಮ ಕೈಯಲ್ಲಿದ್ದ ಬಿಸಿ ಮಾಂಸದ ಪೈ ತಣ್ಣಗಾಗಬೇಕು. ಕೈಕಾಲು ನಡುಗುವ ಕಾಯಿಲೆಯ ಅವಳಮ್ಮ ಬಚ್ಚಲಲ್ಲಿ ಬಿದ್ದು ತೀರಿಕೊಂಡ ಮೇಲೆ ಅವಳಿಗೆ ಕುದುರೆಗಳು ಸಾಕಾದವು. ಬೀಳುವವರನ್ನು ಹಿಡಿದುಕೊಳ್ಳುವ ರೋಬೋ ಕಟ್ಟಲು ಹೊರಟಳು.

ಸ್ಟುಡಿಯೋದ ಒಡೆಯ ಕ್ಲಿಫ್ಟನ್, ನಟರ ಚಲನೆಯನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಮೆರಾ ಕೋಣೆ ಬಿಟ್ಟುಕೊಟ್ಟ. ಅದೇ ಕಾಯಿಲೆಯ ಮುದುಕರು ಮೈತುಂಬ ಚುಕ್ಕಿಗಳಿದ್ದ ಕಪ್ಪು ಉಡುಪು ತೊಟ್ಟು ಅಲ್ಲಿ ನಡೆದರು. ಪಕ್ಕದ ಊರು ಪೊರಿರುವಾದ ಪಿಕಿ ಆಂಟಿ, "ಥೇಟ್ ಸಮುದ್ರದ ಸೀಲ್ ಥರಾ ಕಾಣ್ತಿದೀನಲ್ಲೇ!" ಎಂದು ನಗಿಸಿದಳು. ಆ ನಡಿಗೆಗಳನ್ನೇ ನೋಡಿ ರೋಬೋ ಕಲಿಯಿತು. ಕೊನೆಗೊಂದು ದಿನ ಪಿಕಿ ಆಂಟಿ ವಾಲುವ ಮೊದಲೇ ಅದು ತೋಳು ಚಾಚಿತು.

ಅದೇ ವರ್ಷ ಸ್ಟುಡಿಯೋದವರಿಗೆ ನಮ್ಮ ಹೊಸ ಚಿತ್ರ ತೋರಿಸಿದರು. ಗೋರಿಗಳಿಂದ ಕೊಳೆತ ಹೆಣಗಳು ಎದ್ದು ಬಂದವು. ಮುಂದಿದ್ದದ್ದು ಎಡಗಾಲನ್ನು ಎರಡು ಸಲ ತಟ್ಟಿ, ಭುಜ ಸೆಟೆಸಿ ಹೆಜ್ಜೆ ಇಟ್ಟಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನೆರಿಸ್ ನನ್ನ ತೋಳು ಹಿಡಿದಳು. "ಅದು ಪಿಕಿ ಆಂಟಿ ಕಣೇ."

ಹೊರಗೆ ಕ್ಲಿಫ್ಟನ್ ಸಾಸೇಜ್ ರೋಲ್ ಮೆಲ್ಲುತ್ತಿದ್ದ. ನೆರಿಸ್ ಅವನೆದುರು ನಿಂತಳು.

"ನಟರಿಗೆ ಎಷ್ಟು ಹೇಳ್ಕೊಟ್ರೂ ಆ ನಡುಕ ಬರಲ್ಲ ನೋಡು!"

"ಅವರು ಕಾಯಿಲೆಯೋರು, ಕ್ಲಿಫ್ಟನ್. ಅದನ್ನ ತೆಗಿ."

"ಮುಖ ಯಾರದ್ದೂ ಇಲ್ವಲ್ಲಮ್ಮ. ಬರೀ ನಡಿಗೆ."

"ಥೂ," ಎಂದಳು ನೆರಿಸ್. "ನಿನ್ನ ಕೋಣೆಗೆ ಅವರನ್ನ ಕರ್ಕೊಂಡು ಬಂದೆನಲ್ಲ, ನನ್ನ ಮೇಲೇ ನಂಗೆ ಹೇಸಿಗೆ."

ಅಂದೇ ಕೆಲಸ ಬಿಟ್ಟಳು. ಆ ಮುದುಕರ ಮನೆಮನೆಗೆ ಹೋಗಿ ಎಲ್ಲರಿಗೂ ನಡೆದದ್ದು ಹೇಳಿದಳು. ಪಿಕಿ ಆಂಟಿ ಮಾತ್ರ ಚಿತ್ರ ಬಿಡುಗಡೆಯಾಗುವವರೆಗೆ ಕಾದು, ಟಿಕೆಟ್ ಕೊಂಡು ನೋಡಿದಳು. "ಮೊಮ್ಮಗ ಹೀಗೆ ಅಣಕಿಸಿದ್ರೆ ಕಿವಿ ಹಿಂಡ್ತಿದ್ದೆ. ಇವನ ಕಿವಿ ಎಲ್ಲಿ ಸಿಗುತ್ತೆ, ತೋರಿಸು."

ಮರುದಿನ ಇಬ್ಬರೂ ಸ್ಟುಡಿಯೋಗೆ ಬಂದರು. ಕ್ಲಿಫ್ಟನ್ ನಗುತ್ತಾ ಕೈ ಚಾಚಿದ. ಪಿಕಿ ಆಂಟಿ ಅದನ್ನು ಹಿಡಿದವಳು ಬಿಡಲೇ ಇಲ್ಲ. ಅವಳ ನಡುಕ ಅವನ ತೋಳಿಗೇರಿತು, ಕೆನ್ನೆಯೂ ಅದುರಿತು.

"ನೀನೂ ಸ್ವಲ್ಪ ನಡಿ ಮಗಾ, ನನ್ನ ಜೊತೆ."

ಅವನು ಕೈ ಕಿತ್ತುಕೊಂಡ. ನಾವೆಲ್ಲ ನೋಡುತ್ತಿದ್ದಂತೆಯೇ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಆ ಹೆಣಗಳ ನಡಿಗೆಗೆ ಪ್ರಶಸ್ತಿಯೂ ಬಂತು. ಕ್ಲಿಫ್ಟನ್ ವೇದಿಕೆಯ ಮೇಲೆ ನಡುಗುತ್ತಾ ನಡೆದು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನೆರಿಸ್ ಈಗ ಪೊರಿರುವಾದ ಚರ್ಚ್ ಹಾಲಿನಲ್ಲಿ ರೋಬೋ ಕೆಲಸ ಮುಂದುವರಿಸಿದ್ದಾಳೆ. ಸಿನಿಮಾದವರ ಫೋನ್ ಬಂದರೆ ಎತ್ತುವುದಿಲ್ಲ.