ಯಾರೂ ಇಲ್ಲದ ಫೋಟೋ

ಮೊನ್ನೆ ಮಗಳು ಗೋಬಿ ಮಂಚೂರಿ ಮಾಡುತ್ತೇನೆಂದು ಹೊರಟು ಅಡುಗೆಮನೆ ಕಟ್ಟೆಯ ಮೇಲೆಲ್ಲ ವಿನೆಗರ್ ಚೆಲ್ಲಿದಳು. ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಭದ್ರಾವತಿಯ ಫೋಟೋ ಸ್ಟುಡಿಯೋವೊಂದರ, ಫೋಟೋ ತೊಳೆಯುವ ದ್ರಾವಣದ ಇದೇ ಘಾಟಿನ ಕತ್ತಲೆ ಕೋಣೆಯಲ್ಲಿದ್ದೆ... ಕೆಂಪು ಬಲ್ಬು, ತಟ್ಟೆಯ ನೀರಿನಲ್ಲಿ ನಿಧಾನವಾಗಿ ಮೂಡುವ ಯಾರದೋ ಮುಖ, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಸ್ಟುಡಿಯೋ ಅಕ್ಕ. ಮಗಳಿಗೆ ಆವತ್ತು ಬೈಗುಳ ತಪ್ಪಿತು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಭದ್ರಾವತಿಯ ಬ್ಯಾಂಕೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಸ್ಟುಡಿಯೋದ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. ತನ್ನ ಅಪ್ಪನಿಂದ ಬಂದ ಸ್ಟುಡಿಯೋವನ್ನು, ನಾನು ಅಕ್ಕ ಎಂದೇ ಕರೆಯುತ್ತಿದ್ದ ಮನೆಯೊಡತಿ ಒಬ್ಬಳೇ ನಡೆಸುತ್ತಿದ್ದಳು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಫೋಟೋ ತೆಗೆಯುವವಳು ಹೆಂಗಸು ಎಂಬ ಕಾರಣಕ್ಕೆ, ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೋ ತೆಗೆಸಲು ಹೊಳೆಹೊನ್ನೂರಿನಿಂದಲೂ ತಾಯಂದಿರು ಬರುತ್ತಿದ್ದರು. ಬಂದವರದೆಲ್ಲ ಒಂದೇ ರಾಗ, ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ ಅಂತ. "ಹುಟ್ಸಿದ ದೇವ್ರಿಗೇ ಬೇಡ ಅನ್ಸಿದ್ದು ನಂಗ್ಯಾಕಮ್ಮ?" ಎನ್ನುತ್ತಲೇ ಅಕ್ಕ ಲೈಟು ತಿರುಗಿಸಿ, "ಗದ್ದ ಸ್ವಲ್ಪ ಮೇಲೆ" ಎಂದು ಹೇಗೋ ಅವರನ್ನು ಚೆಂದ ಮಾಡಿ ಕಳಿಸುತ್ತಿದ್ದಳು.

ಮುಖಗಳೆಂದರೆ ಅವಳಿಗೆ ಸಾಕಾಗಿಹೋಗಿತ್ತು. ಒಂದು ದಿನ ನನ್ನ ಮುಂದೆ ಬಾಯಿಬಿಟ್ಟು ಹೇಳಿದಳು.

"ಸಾಯೋದ್ರೊಳಗೆ ಒಂದು ಫೋಟೋ ತೆಗೀಬೇಕು ಕಣೇ. ಅದ್ರಲ್ಲಿ ಒಂದು ನರಪಿಳ್ಳೇನೂ ಇರಬಾರ್ದು."

ಎಲ್ಲಿ ತೆಗೆಯಬೇಕೆಂಬುದೂ ಗೊತ್ತಾಗಿತ್ತು. ಫಿಲ್ಮ್ ಕಂಪನಿಯವರು ಕೊಟ್ಟ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯಲ್ಲಿ ಒಂದು ಮರಳುಗಾಡಿತ್ತು. ಕೆಂಪು, ಹಳದಿ, ನೇರಳೆ ಪಟ್ಟೆಗಳು, ಮೇಲೆ ಚಳಿಗಾಲದ ಆಕಾಶ. ವರ್ಷ ಮುಗಿದು ಎಷ್ಟು ಕಾಲವಾದರೂ ಆ ಹಾಳೆ ಗೋಡೆಯಿಂದ ಇಳಿಯಲಿಲ್ಲ. ಹಸಿರು ನೋಡಿ ನೋಡಿ ಕಣ್ಣಿಗೆ ಪಾಚಿ ಕಟ್ಟಿದೆ, ಈ ರಾಜಸ್ಥಾನಕ್ಕೆ ಹೋಗಬೇಕು ಎನ್ನುತ್ತಿದ್ದಳು. ಶಿವಮೊಗ್ಗದಿಂದ ಫೋಟೋಗೆ ಬಂದ ಲೆಕ್ಚರರ್ ಒಬ್ಬರು ಅದನ್ನು ನೋಡಿ, ಇದು ರಾಜಸ್ಥಾನವಲ್ಲಮ್ಮ, ಅಮೆರಿಕ ಎಂದುಬಿಟ್ಟರು. ನನಗೇ ಪಿಚ್ಚೆನಿಸಿತು. ಅಕ್ಕ ಮಾತ್ರ ಜಗ್ಗಲಿಲ್ಲ. "ಅವ್ರದ್ದಕ್ಕೆ ಅವ್ರು ಹೋಗ್ಲಿ ಸಾರ್, ನಾವು ನಮ್ಮದಕ್ಕೆ ಹೋಗ್ತೀವಿ" ಎಂದಳು.

ಆದರೆ ಮದುವೆ ಫೋಟೋದವರಿಗೆ ರಜೆ ಕೊಡುವುದು ಪಂಚಾಂಗ ಮಾತ್ರ. ಧನುರ್ಮಾಸ ಹಿಡಿದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಊರಿನ ಫೋಟೋದವರೆಲ್ಲ ನೊಣ ಹೊಡೆಯುತ್ತ ಕೂರುವ ಆ ತಿಂಗಳೇ ಮರಳುಗಾಡಿಗೂ ಸರಿಯಾದ ಕಾಲವಂತೆ. ಬೆಳಿಗ್ಗೆ ದೇವಸ್ಥಾನದಿಂದ ಹುಗ್ಗಿ ಪ್ರಸಾದ ತಂದು, ಅದನ್ನು ತಿನ್ನುತ್ತಲೇ ನಾವು ಮೂವರೂ ರೈಲಿನ ವೇಳಾಪಟ್ಟಿ ಹರಡಿಕೊಂಡು ಕೂರುತ್ತಿದ್ದೆವು. ಅಲ್ಲಿ ಮರಳುಗಾಡನ್ನೇ ರಾಷ್ಟ್ರೀಯ ಉದ್ಯಾನವನ ಮಾಡಿದ್ದಾರಂತೆ ಎಂದು ಅಕ್ಕ ಹೇಳಿದರೆ ಭಾವ, "ಗುಲಾಬಿಗೆ ನೀರು ಯಾರು ಹಾಕ್ತಾರೋ ಪಾಪ" ಎನ್ನುತ್ತಿದ್ದರು.

ಮೊದಲ ವರ್ಷ ಹೊರಡುವ ದಿನವೇ ಎದುರುಮನೆಯ ಅಜ್ಜಿ ತೀರಿಕೊಂಡರು. ಸಾವಿಗೆಲ್ಲಿಯ ಧನುರ್ಮಾಸ? ಅವರದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಮಲಗಿಸಿದ ಹೆಣದ ಫೋಟೋ ತೆಗೆದುಕೊಡಿ ಎಂದು ಮಗ ಬಂದು ನಿಂತ. ಅಕ್ಕ ಕಟ್ಟಿದ ಚೀಲ ಬಿಚ್ಚಿದಳು. ಆದರೆ ಕ್ಯಾಮೆರಾ ಎತ್ತಲಿಲ್ಲ. ಹಳೆಯ ನೆಗೆಟಿವ್‌ಗಳ ಡಬ್ಬಗಳನ್ನು ಇಳಿಸಿಕೊಂಡು ಕೂತಳು. ಸಂಜೆ ಹೊತ್ತಿಗೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಹೋಳಿಗೆಗೆ ಕೈಯೊಡ್ಡಿ ನಗುತ್ತಿದ್ದ ಅಜ್ಜಿ ಸಿಕ್ಕರು. ಅದನ್ನೇ ದೊಡ್ಡದು ಮಾಡಿ ಕೊಟ್ಟಳು. ಮಗ ಅದನ್ನು ಎದೆಗವಚಿಕೊಂಡು ಅತ್ತ. ರೈಲು ಹೋಗಿತ್ತು, ನಮಗ್ಯಾರಿಗೂ ಬೇಜಾರಾಗಲಿಲ್ಲ.

ಮರುವರ್ಷ ಅಕ್ಕ ಒಂದು ರಿಹರ್ಸಲ್ ಆಗಬೇಕೆಂದಳು. ಊರಾಚೆ, ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ಉಳಿದ ಕಿಟ್ಟ ಸುರಿದು ಸುರಿದು ಗುಡ್ಡವೇ ಆಗಿತ್ತು. ಒಂದೆಡೆ ತುಕ್ಕಿನ ಕೆಂಪು, ಒಂದೆಡೆ ಬೂದಿ, ನಡುವೆ ನವಿಲುಬಣ್ಣದ ಮಿಂಚು. ನಮ್ಮ ಪಾಲಿಗೆ ಅದೇ ಮರಳುಗಾಡು. ಭಾನುವಾರ ಬೆಳಿಗ್ಗೆ ಇಬ್ಬನಿಯಲ್ಲಿ ಹೋದೆವು. ಭಾವ ಸ್ವಂತ ಕೈಯಲ್ಲಿ ಕಬ್ಬಿಣದ ಟ್ರೈಪಾಡ್ ಮಾಡಿದ್ದರು. ಅದನ್ನು ಹೊರುವಷ್ಟರಲ್ಲಿ ಅವರ ನಾಲಿಗೆ ಹೊರಬಂದಿತ್ತು. "ಇದನ್ನ ಎತ್ತೋಕೂ ನಿಮ್ಮ ಕ್ರೇನೇ ತರಬೇಕಿತ್ತು ಕಣ್ರೀ" ಎಂದು ಅಕ್ಕ ಛೇಡಿಸಿದಳು.

ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ರೀಲು ಮುಗಿಸಿದ್ದು. ಪ್ರಿಂಟು ಬಂದಾಗ ನೋಡಿದರೆ ಒಂದರಲ್ಲಿ ಕಬ್ಬಿಣದ ಚೂರು ಆಯುವ ಹೆಂಗಸು, ಇನ್ನೊಂದರಲ್ಲಿ ಮೇಕೆ, ಮೇಕೆಯ ಹಿಂದೆ ಅದರ ಯಜಮಾನ. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಚಿತ್ರದಲ್ಲಿ, ಹೊಂಬಣ್ಣದ ಬೆಳಕಿನ ನಟ್ಟನಡುವೆ, ಚೊಂಬು ಪಕ್ಕದಲ್ಲಿಟ್ಟುಕೊಂಡು ಒಬ್ಬ ನಿಶ್ಚಿಂತೆಯಿಂದ ಕುಕ್ಕುರುಗಾಲಲ್ಲಿ ಕೂತಿದ್ದ. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅಕ್ಕ ಕಣ್ಣೊರೆಸಿಕೊಳ್ಳುತ್ತ, "ಈ ದೇಶದಲ್ಲಿ ಮನುಷ್ಯ ಇಲ್ಲದ ಜಾಗಾನೇ ಇಲ್ವಲ್ಲೇ ಮಾರಾಯ್ತಿ" ಎಂದಳು. ನಗುವಿನ ಕೊನೆಯಲ್ಲಿ ಅವಳ ಮುಖ ಸ್ವಲ್ಪ ಸಣ್ಣಗಾಯಿತು. ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತೋ ಏನೋ...

ಹೋದೆವು. ಬೀರೂರಿಗೆ ಹೋಗಿ, ಅಲ್ಲಿಂದ ರೈಲು ಬದಲಿಸುತ್ತ, ಬುತ್ತಿಯ ಅವಲಕ್ಕಿ ಮುಗಿಯುವವರೆಗೂ ಕೂತು ಜೈಸಲ್ಮೇರ್ ಸೇರಿದೆವು. ಫಿಲ್ಮ್ ರೋಲುಗಳನ್ನು ಅಕ್ಕ ಅಕ್ಕಿ ತುಂಬಿದ ಡಬ್ಬದಲ್ಲಿ ಹೂತು ತಂದಿದ್ದಳು. ನಮ್ಮ ಕಡೆ ತೇವಕ್ಕೆ ಬೂಷ್ಟು ಹಿಡಿಯದಂತೆ ಹಾಗೇ ಇಡುವುದು. ಮರಳುಗಾಡಲ್ಲಿ ತೇವ ಎಲ್ಲಿಂದ ಬರಬೇಕು ಎಂದು ಯಾರೂ ಯೋಚಿಸಲಿಲ್ಲ. ಮರಳುಗಾಡು ಎಂದರೆ ಬಿಸಿಲು ಎಂದುಕೊಂಡು ಕಾಟನ್ ಸೀರೆ, ಛತ್ರಿ, ಲಾವಂಚದ ಬೀಸಣಿಗೆ ತಂದಿದ್ದೆವೇ ಹೊರತು ಒಂದು ಸ್ವೆಟರ್ ತಂದಿರಲಿಲ್ಲ. ಅಲ್ಲಿಯ ಬೆಳಗಿನ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಸೀರೆಯ ಮೇಲೆ ಸೀರೆ ಸುತ್ತಿಕೊಂಡು ಬಾಳೆಯ ದಿಂಡಿನ ಹಾಗೆ ಓಡಾಡಿದೆ.

ಇನ್ನು ಯಾರೂ ಇಲ್ಲದ ಫೋಟೋದ ಕಥೆ. ಅಲ್ಲಿಯ ಹೆಂಗಸರು ಕೆಂಪು ಹಳದಿ ಲಂಗ ಬೀಸಿಕೊಂಡು, ಕ್ಯಾಮೆರಾ ಕಂಡ ಕೂಡಲೇ ಸಾಲಾಗಿ ಬಂದು ನಿಂತರು. ಅಕ್ಕನ ಕೈ ಸುಮ್ಮನಿರಬೇಕಲ್ಲ. "ಗದ್ದ ಸ್ವಲ್ಪ ಮೇಲೆ" ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು, ಅವರೂ ಅರ್ಥವಾದವರಂತೆ ಗದ್ದ ಎತ್ತಿದರು. ಒಂಟೆಯವನಾಯಿತು, ಅವನ ಮಕ್ಕಳಾಯಿತು, ಅವನ ಅತ್ತೆಯಾಯಿತು. ಡಬ್ಬದಲ್ಲಿ ಅಕ್ಕಿ ಉಳಿಯಿತು, ರೋಲು ಮುಗಿಯುತ್ತ ಬಂತು. "ಇದಕ್ಕೆ ಇಲ್ಲೀವರೆಗೆ ಬರಬೇಕಿತ್ತಾ ನಾವು?" ಎಂದು ಭಾವ ಕೇಳಿದರು. ಅಕ್ಕ ಉಳಿದಿದ್ದ ಕೊನೆಯ ರೋಲನ್ನು ಮತ್ತೆ ಅಕ್ಕಿಯೊಳಗೆ ಹೂತಿಟ್ಟಳು.

ಕೊನೆಯ ಬೆಳಿಗ್ಗೆ ಜೀಪು ಹಿಡಿದು ಉದ್ಯಾನವನದ ಒಳಗೆ ದೂರ ಹೋದೆವು. ಟ್ರೈಪಾಡ್ ನಿಲ್ಲಿಸಿದ್ದಾಯಿತು. ನಮ್ಮಿಬ್ಬರ ನೆರಳು ಬೀಳುತ್ತದೆಂದು ಅಕ್ಕ ನಮ್ಮನ್ನು ದಿಬ್ಬದ ಹಿಂದೆ ಅಂಗಾತ ಮಲಗಿಸಿದಳು, ಡ್ರೈವರನನ್ನೂ ಬಿಡಲಿಲ್ಲ. ನಾನು ಕದ್ದು ಇಣುಕಿದೆ. ಸೂರ್ಯ ಏಳುತ್ತಿದ್ದಂತೆ ಮರಳು ಮೊದಲು ನೇರಳೆಯಾಯಿತು, ಆಮೇಲೆ ಕುಂಕುಮ, ಆಮೇಲೆ ಒಣಹುಲ್ಲೆಲ್ಲ ಚಿನ್ನ. ತಗ್ಗುಗಳಲ್ಲಿ ನೀಲಿ ಉಳಿದಿತ್ತು. ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಅಕ್ಕ ಚಳಿಗೆ ಗಡಗಡ ನಡುಗುತ್ತಿದ್ದಳು, ಕ್ಯಾಮೆರಾ ಮಾತ್ರ ಭಾವನ ಕಬ್ಬಿಣದ ಮೇಲೆ ಕದಲದೆ ನಿಂತಿತ್ತು. ಕ್ಲಿಕ್ ಎಂದದ್ದು ನಮಗೂ ಕೇಳಿಸಿತು. ಅವಳು ಮರಳಿನ ಮೇಲೆ ಕುಸಿದು ಕೂತು ಸಣ್ಣ ಹುಡುಗಿಯ ಹಾಗೆ ನಗತೊಡಗಿದಳು. ಅಷ್ಟು ಸಂತೋಷವಾಗಿದ್ದ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಆ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಶೋಕೇಸಿನಲ್ಲಿ, ಮದುಮಕ್ಕಳ ನಡುವೆ ಇಟ್ಟಳು. ಬಂದವರೆಲ್ಲ ಇದೇನು ಖಾಲಿ ಎಂದು ಕೇಳುವರು. "ನಿಮ್ಮೆಲ್ಲರಿಂದ ತಪ್ಪಿಸ್ಕೊಂಡು ಹೋಗಿ ತೆಗೆದಿದ್ದು ಕಣ್ರೀ" ಎಂದು ಅಕ್ಕ ಜಂಭ ಕೊಚ್ಚುವಳು.

ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು, ಮದುವೆಯಾಯಿತು, ಕಾಗದಗಳು ಕಡಿಮೆಯಾದವು... ಕೆಲವು ವರ್ಷ ಕಳೆದು ಸುದ್ದಿ ಬಂತು. ಜ್ವರವೆಂದು ಮಲಗಿದ ಅಕ್ಕ ಏಳಲೇ ಇಲ್ಲವಂತೆ. ಉತ್ತರಕ್ರಿಯೆಯ ದಿನ ಹೋದಾಗ ಮನೆಮಂದಿಯೆಲ್ಲ ಹಾರ ಹಾಕಲು ಅವಳ ಫೋಟೋ ಹುಡುಕುತ್ತಿದ್ದರು. ಎಲ್ಲರ ಫೋಟೋ ತೆಗೆದವಳ ಫೋಟೋವನ್ನು ಯಾರೂ ತೆಗೆದಿರಲಿಲ್ಲ. ಮದುವೆ ಫೋಟೋದಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿದ ಹುಡುಗಿ, ಪಕ್ಕದಲ್ಲಿ ಭಾವ. ಇನ್ನೊಂದಿದ್ದದ್ದು ವೋಟಿನ ಕಾರ್ಡಿನದು. ಇದನ್ನ ಇಟ್ಟರೆ ಅವಳೇ ಎದ್ದುಬಂದು ಬೈತಾಳೆ ಎಂದ ಭಾವ, ಸ್ಟುಡಿಯೋಗೆ ಹೋಗಿ ಶೋಕೇಸಿನ ಬಾಗಿಲು ತೆಗೆದರು. ಪುರೋಹಿತರು ಏನೋ ಹೇಳಹೋಗಿ, ಭಾವನ ಮುಖ ನೋಡಿ, ಆ ಖಾಲಿ ಫೋಟೋಗೆ ಹಾಕಲು ಹಾರ ಎತ್ತಿಕೊಟ್ಟರು. ನಾನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ವಿನೆಗರ್ ಚೆಲ್ಲಿದ ಮರುವಾರ ತಡೆಯಲಾಗದೆ ಭದ್ರಾವತಿಗೆ ಹೋಗಿಬಂದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಭಾವನಿಗೆ ಮಂಡಿ ನೋವು, ಮಾತು ಕಡಿಮೆ. ಫೋಟೋ ನಡುಮನೆಯ ಗೋಡೆಯ ಮೇಲಿತ್ತು, ಕೆಂಪು ಸ್ವಲ್ಪ ಮಾಸಿತ್ತು, ಹಾರ ಹೊಸದಾಗಿತ್ತು. ಗ್ಯಾಸ್ ಸಿಲಿಂಡರ್ ತಂದಿದ್ದ ಹುಡುಗ ಅದನ್ನೇ ನೋಡುತ್ತ ನಿಂತ.

"ಏನ್ ಸಾರ್, ಇದ್ರಲ್ಲಿ ಯಾರೂ ಇಲ್ವಲ್ಲ. ಹಾರ ಯಾಕೆ?"

"ನಮ್ಮನೆಯವಳು," ಎಂದರು ಭಾವ. "ಅವಳು ಚೆನ್ನಾಗಿ ಬಂದಿರೋದು ಇದೊಂದ್ರಲ್ಲೇ ಮಾರಾಯ."

ಹುಡುಗ ಇನ್ನೊಮ್ಮೆ ನೋಡಿ, ಹೌದು ಎನ್ನುವಂತೆ ತಲೆಯಾಡಿಸಿ ಹೋದ. ನಾನು ಕಾಫಿ ಮಾಡಲು ಎದ್ದೆ. ಅಕ್ಕನಿಲ್ಲದ ಆ ಅಡುಗೆಮನೆ ನನಗೆ ಇನ್ನೂ ಅಭ್ಯಾಸವಾಗಿಲ್ಲ.