ಕೊಬ್ಬರಿ ಮಂಡಿಯ ಗಣಕದಲ್ಲಿ ಮೂಡಿದ ೞಕಾರ

ಅರಸೀಕೆರೆ ಸೀಮೆಯಲ್ಲಿ ಕನ್ನಡ ಕಲಿಸಿದವರಿಗೆ ಬರವಿಲ್ಲ. ಆದರೆ ಕನ್ನಡದ ಒಂದು ಅಕ್ಷರವನ್ನೇ ಮನೆಯಲ್ಲಿ ಕೂತು ಕಟ್ಟಿದವರು, ಈ ತಿಂಗಳು ಪ್ರೌಢಶಾಲಾ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಪುಷ್ಪಲತಾ ಅವರೊಬ್ಬರೇ ಎಂದು ಸಹೋದ್ಯೋಗಿಗಳು ಬೀಗುವುದುಂಟು.

ಅವರು ಸೇವೆಗೆ ಸೇರಿದ್ದು ಜಾವಗಲ್‌ನಲ್ಲಿ. ಅಲ್ಲಿನ ಹಿರಿಯ ಪಂಡಿತರಾದ ಜಯದೇವಪ್ಪನವರು ಹೊಸ ಮೇಡಂ ಅವರನ್ನು ಭಾನುವಾರಗಳಂದು ಹಳೇಬೀಡಿಗೆ ಕರೆದೊಯ್ದು, ಶಾಸನದ ಕಲ್ಲಿಗೆ ನೀರೆರಚಿ, ಮೇಲೆದ್ದ ಅಕ್ಷರಗಳ ಮೇಲೆ ಬೆರಳಾಡಿಸಲು ಕಲಿಸಿದರು. ಪುಷ್ಪಲತಾ ಅವರಿಗೆ ಗುರು ಸಿಕ್ಕಿದ್ದು ಹಾಗೆ.

೧೯೯೯ರ ಹೊತ್ತಿಗೆ ಗುರುಗಳ ಶಾಸನ ಸಂಗ್ರಹ ಸಿದ್ಧವಾಗಿತ್ತು, ದೃಷ್ಟಿ ಮಾತ್ರ ಇಳಿಯುತ್ತಿತ್ತು. ಹೋದದ್ದು ಮರಳುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ಕಲ್ಲಿನಲ್ಲಿ ಕಂಡ ಅಕ್ಷರಗಳನ್ನು ಹಾಗೆಯೇ ಅಚ್ಚಿನಲ್ಲಿ ನೋಡಬೇಕೆಂಬುದೊಂದೇ ಅವರ ಆಸೆ. ಬೇಲೂರಿನ ಮುದ್ರಣಾಲಯದ ಗಣಕದಲ್ಲೋ, ಹಳಗನ್ನಡದ ೞ ಇರಲೇ ಇಲ್ಲ.

“ಬರೀ ಳ ಹಾಕ್ಬಿಡಾನ ಬುದ್ಧಿ, ಯಾರ್ ನೋಡ್ತಾರೆ?” ಎಂದರು ಮಾಲೀಕ ಷಡಕ್ಷರಪ್ಪ.

“ನಾನ್ ನೋಡ್ತೀನಲ್ಲಪ್ಪ, ಕಣ್ಣಿರೋವರ್ಗೂ” ಎಂದರು ಜಯದೇವಪ್ಪ.

ಪುಷ್ಪಲತಾ ಅವರಿಗೆ ಆ ಮಾತು ನಾಟಿತು. ಅವರ ಯಜಮಾನರಾದ ಉದಯಕುಮಾರ್ ಕೊಬ್ಬರಿ ಮಂಡಿಯ ಲೆಕ್ಕಕ್ಕೆಂದು ತಂದ ಗಣಕ ಅರಸೀಕೆರೆಯ ಮನೆಯಲ್ಲಿತ್ತು. ಹೊಸ ಅಕ್ಷರ ಬರೆಯುವ ಸೌಲಭ್ಯವೂ ಅದರೊಳಗಿತ್ತು. ರಜೆಯ ಮಧ್ಯಾಹ್ನಗಳಲ್ಲಿ ಕಸೂತಿ ತೆಗೆದಂತೆ ಒಂದೊಂದೇ ಚೌಕ ತುಂಬುತ್ತ, ಅಳಿಸುತ್ತ ಅವರು ಕೂತರು. ಒಳಮನೆಯಿಂದ ಕೊಬ್ಬರಿಯ ವಾಸನೆ ತೇಲಿ ಬರುತ್ತಿತ್ತು. ಪರದೆ ಒದ್ದೆ ಕಲ್ಲಿನಂತೆ ಮಿನುಗುತ್ತಿತ್ತು. ತಾವು ಅರಸೀಕೆರೆಯಲ್ಲಿದ್ದೇವೋ ಹಳೇಬೀಡಿನಲ್ಲಿದ್ದೇವೋ ಅವರಿಗೆ ಮರೆತೇಹೋಗುತ್ತಿತ್ತು. ಸಾರು ಹಲವು ಸಲ ಸೀದಿತು.

ಕೊನೆಗೆ ಪುಸ್ತಕವನ್ನೆಲ್ಲ ತಾವೇ ಬೆರಳಚ್ಚು ಮಾಡಿ, ಫ್ಲಾಪಿಗಿಳಿಸಿ ಬೇಲೂರಿಗೆ ಒಯ್ದರೆ, ಅಲ್ಲಿನ ಪರದೆಯಲ್ಲಿ ೞ ಇರಬೇಕಾದಲ್ಲೆಲ್ಲ ಖಾಲಿ ಡಬ್ಬಿಗಳು! ಅಕ್ಷರ ಹುಟ್ಟಿದ ಮನೆಯಲ್ಲೇ ಉಳಿದಿತ್ತು.

“ಮೇಡಮ್ಮೋರೇ, ದಿಬ್ಬಣ ಬಂದೈತೆ, ಮದ್ಲಿಂಗನ್ನೇ ಬಿಟ್ಟು ಬಂದಿದೀರಲ್ರೀ!” ಎಂದು ಷಡಕ್ಷರಪ್ಪ ನಕ್ಕರು.

ಅಕ್ಷರವನ್ನಷ್ಟೇ ಬಿಡಿಸಿ ತರುವ ಬಗೆ ಪುಷ್ಪಲತಾ ಅವರಿಗೆ ತಿಳಿಯದು. ಮರುದಿನ ಜಮಖಾನದಲ್ಲಿ ಸುತ್ತಿದ ಗಣಕವೇ ಉದಯಕುಮಾರರ ತೊಡೆಯೇರಿ ಬೇಲೂರು ಬಸ್ಸಿನಲ್ಲಿ ಹೊರಟಿತು. “ಲೆಕ್ಕಕ್ಕೆ ತಂದಿದ್ದು ಕಣೇ ಇದು” ಎಂದು ಗೊಣಗಿದರೂ, ಹಳ್ಳ ಬಂದಾಗಲೆಲ್ಲ ಅವರು ಅದನ್ನು ತಬ್ಬಿ ಹಿಡಿಯುತ್ತಿದ್ದರು. ಜಾವಗಲ್‌ನಲ್ಲಿ ಜಯದೇವಪ್ಪನವರೂ ಹತ್ತಿದರು.

ಮುದ್ರಣಾಲಯದಲ್ಲಿ ಪುಷ್ಪಲತಾ ಗುರುಗಳಿಗೆ ಕಾಣಲೆಂದು ಆ ಅಕ್ಷರವನ್ನು ಪರದೆ ತುಂಬ ಹಿಗ್ಗಿಸಿದರು. ಹಿಗ್ಗಿದ್ದೇ ತಡ, ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಂಡು ಅವರ ಮುಖ ಸಣ್ಣದಾಯಿತು. ಗುರುಗಳು ಗಾಜಿಗೆ ಮೂಗು ತಾಗುವಷ್ಟು ಬಾಗಿ ಬಹಳ ಹೊತ್ತು ನೋಡಿದರು.

“ಎಷ್ಟು ದುಂಡಗೈತೆ ತಾಯಿ!”

ಮೆಟ್ಟಿಲುಗಳನ್ನು ಕಾಣುವಷ್ಟು ದೃಷ್ಟಿ ಆ ಕಣ್ಣುಗಳಲ್ಲಿ ಉಳಿದಿರಲಿಲ್ಲ. ಪುಷ್ಪಲತಾ ಸೆರಗಿನಿಂದ ಮುಖ ಒರೆಸಿಕೊಂಡು, ಅಚ್ಚಿಗೆ ಅಪ್ಪಣೆ ಕೊಟ್ಟರು.

ಗುರುಗಳು ಈಗಿಲ್ಲ. ಪುಷ್ಪಲತಾ ಅವರು ನೂರ್ಕಾಲ ಬಾಳಲಿ. ನಿವೃತ್ತಿಯ ಬಿಡುವಿನಲ್ಲಿ ಇನ್ನೂ ಎಷ್ಟೋ ಕಲ್ಲುಗಳ ಅಕ್ಷರಗಳು ಅವರ ಕೈಯಲ್ಲಿ ಮೂಡಲಿ. ಹೊಸ ತಂತ್ರಾಂಶದಲ್ಲಿ ಆ ೞಕಾರದ ಅಂಚು ನಯಮಾಡಿಕೊಡಲೇ ಎಂದು ಮಾತ್ರ ಯಾರೂ ಕೇಳದಿರಲಿ. ಮೊನ್ನೆ ಒಬ್ಬರು ಕೇಳಿದಾಗ ಮೇಡಂ ಹೇಳಿದ್ದಿಷ್ಟೇ: “ಮೇಷ್ಟ್ರು ನೋಡಾಗಿದೆ ಕಣ್ರೀ.”